ಹಾಟ್ ಸೀಟಿಗೆ ಹೋಗುವ ಮುಂಚೆ ಲೆಕ್ಕ ಮುಗಿಸು

ಪ್ರೀತಿಯ ಪಚ್ಚೂ,

ಕೌನ್ ಬನೇಗಾ ಕರೋಡ್‌ಪತಿಗೆ ನೀನು ಆಯ್ಕೆಯಾದ ಸುದ್ದಿಯನ್ನು ಅಕ್ಕ ಹೇಳಿದಳು. ಹಗಲು ರಾತ್ರಿ ಜಿಕೆ ಪುಸ್ತಕ ಉರು ಹೊಡೆಯುತ್ತಿದ್ದೀಯಂತೆ. ಓದು, ಬೇಡ ಅನ್ನುವುದಿಲ್ಲ. ಆದರೆ ಎಲ್ಲಿ ಆಡಬೇಕು, ಎಲ್ಲಿ ಎದ್ದು ಬರಬೇಕು ಅನ್ನುವುದನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗು. ಎದುರಿಗೆ ಅಮಿತಾಭ್ ಬಚ್ಚನ್ ಕೂತು, ಲಾಕ್ ಮಾಡೋಣವಾ ಅಂತ ಆ ದನಿಯಲ್ಲಿ ಕೇಳುವಾಗ ಯಾರಿಗೆ ತಾನೇ ಲೆಕ್ಕ ಹೊಳೆಯುತ್ತದೆ?

ಹಲವು ಸೀಸನ್‌ಗಳಲ್ಲಿದ್ದ ಮೊತ್ತಗಳನ್ನೇ ಹಿಡಿದು ಹೇಳುತ್ತೇನೆ, ನಿನ್ನ ಸಲ ಬೇರೆ ಇದ್ದರೆ ಮತ್ತೆ ಕೂಡಿಸು. 9 ಪ್ರಶ್ನೆ ಮುಗಿದಾಗ ಕೈಯಲ್ಲಿ 1.6 ಲಕ್ಷ. 10ನೆಯದು ತಪ್ಪಾದರೆ ಸೀದಾ 10 ಸಾವಿರಕ್ಕೆ ಬೀಳುತ್ತೀಯ, ಸರಿಯಾದರೆ 3.2 ಲಕ್ಷ ಗಟ್ಟಿ. ಅದಕ್ಕೇ ಒಂದಾದರೂ ಲೈಫ್‌ಲೈನ್, ಅಂದರೆ ಉತ್ತರ ಹೊಳೆಯದಾಗ ಸಹಾಯ ಪಡೆಯುವ ಅವಕಾಶ, ಅಲ್ಲಿಯವರೆಗೆ ಉಳಿಸಿಕೊ. 11ನೇ ಪ್ರಶ್ನೆಯಲ್ಲಿ ಮಾತ್ರ ಕ್ವಿಟ್ ಮಾತೇ ಎತ್ತಬೇಡ. ತಪ್ಪಿದರೂ ಅದೇ 3.2 ಲಕ್ಷ, ಬಿಟ್ಟು ಬಂದರೂ ಅದೇ. ಏನೂ ಗೊತ್ತಿಲ್ಲದಿದ್ದರೂ ಕಣ್ಣು ಮುಚ್ಚಿ ಒಂದು ಹೇಳು.

ನಿಜವಾದ ಪೇಚು 13ರಲ್ಲಿ. ಕೈಯಲ್ಲಿ 12.5 ಲಕ್ಷ, ಸರಿಯಾದರೆ 25, ತಪ್ಪಾದರೆ 3.2. ಎರಡು ಉತ್ತರಗಳ ನಡುವೆ ಅರ್ಧಕ್ಕರ್ಧ ಅನುಮಾನ ಅಂತಿಟ್ಟುಕೊ. ಸರಾಸರಿ ತೆಗೆದರೆ 14.1 ಲಕ್ಷ ಬರುತ್ತದೆ, ಅಂದರೆ ಕಾಗದದ ಮೇಲೆ ಆಡುವುದೇ ಸರಿ. ನಾನಾಗಿದ್ದರೆ ಎದ್ದು ಬರುತ್ತೇನೆ. ಯಾಕೆ ಅಂದರೆ ನೀನು ಆಡುವುದು ಒಂದೇ ಸಲ, ಸರಾಸರಿ ಯಾರ ಕೈಗೂ ಸಿಗುವುದಿಲ್ಲ. ಶೇ. 30 ತೆರಿಗೆ, ಅದರ ಮೇಲೆ ಸೆಸ್ ಕಳೆದು 12.5 ಲಕ್ಷದಲ್ಲಿ ಕೈಗೆ ಬರುವುದೇ ಸುಮಾರು 8.6. ಅಪ್ಪನ ಮನೆ ಸಾಲ ಅಷ್ಟರಲ್ಲೇ ತೀರುತ್ತದೆ, ಅಲ್ವಾ? ತಪ್ಪಿದರೆ ಉಳಿಯುವ 2.2 ಲಕ್ಷದಲ್ಲಿ ತೀರುವುದಿಲ್ಲ. ಸಾಲ ಇಲ್ಲದ ಮನೆಯವರು ಧಾರಾಳವಾಗಿ ಆಡಲಿ ಬಿಡು.

ಆಡಿಯನ್ಸ್ ಪೋಲನ್ನು ಸಿನಿಮಾ, ಕ್ರಿಕೆಟ್, ಅಡುಗೆ ಇಂಥ ಪ್ರಶ್ನೆಗೆ ಬೇಗ ಬಳಸಿಬಿಡು, ಮೇಲೆ ಹೋದಷ್ಟೂ ಜನರದ್ದೂ ಸುಮ್ನೆ ಊಹೆಯೇ. ಫೋನ್ ಮಾಡಿ ಉತ್ತರ ಕೇಳಬಹುದಾದವರ ಪಟ್ಟಿಗೆ ಪ್ರೀತಿ ನೋಡಿ ಹೆಸರು ಹಾಕಬೇಡ, ವಿಷಯ ನೋಡಿ ಹಾಕು. ನನ್ನದಂತೂ ಬೇಡ, ಊಟ ಆಯ್ತಾ ಅಂತ ಕೇಳುವಷ್ಟರಲ್ಲಿ 30 ಸೆಕೆಂಡ್ ಮುಗಿದಿರುತ್ತದೆ.

ಎಷ್ಟಕ್ಕೆ ನಿಲ್ಲುತ್ತೀಯ ಅನ್ನುವುದನ್ನು ಅಪ್ಪ ಅಮ್ಮನ ಜೊತೆ ಕೂತು ಬರೆದು ನನಗೆ ಕಳಿಸು, ಮುಂಬೈಗೆ ಹೊರಡುವ ಮುಂಚೆ.

ನಿನ್ನ ಸೋದರಮಾವ