ಲಿಫ್ಟ್ ನೋಡುವ ಮೊದಲು ನೆಲ ನೋಡಿ

ಸಂಪಾದಕರಿಗೆ ನಮಸ್ಕಾರ.

ಮನೆಯ ಗ್ಯಾರೇಜಿಗೆ ಕಾರ್ ಲಿಫ್ಟ್ ಹಾಕಿಸುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಲೇಖನವೆಲ್ಲ ಎಷ್ಟು ಟನ್ ಎತ್ತುತ್ತದೆ, ಎಷ್ಟು ಎತ್ತರ ಹೋಗುತ್ತದೆ ಅನ್ನುವುದರಲ್ಲೇ ಮುಗಿದುಹೋಯಿತು. ಎತ್ತಿದ ಕಾರು ಮೇಲೆಯೇ ನಿಂತಿರುವುದು ಯಾವುದರ ಬಲದಿಂದ ಅಂತ ಒಂದು ಸಾಲೂ ಇಲ್ಲ. ಅದರ ಕೆಳಗೆ ನಿಲ್ಲುವವರು ನಾವು ಅಲ್ವಾ, ಅದಕ್ಕೇ ಈ ಪತ್ರ.

ಮೊದಲು ನೆಲ. ಎರಡು ಕಂಬದ ಲಿಫ್ಟಿನಲ್ಲಿ ಭಾರವೆಲ್ಲ ಕಾರನ್ನು ಎತ್ತುವ ತೋಳುಗಳಿಂದ ಕಂಬಕ್ಕೆ, ಕಂಬದಿಂದ ಬುಡದ ತಟ್ಟೆಗೂ ಅದನ್ನು ನೆಲಕ್ಕೆ ಬಿಗಿದ ಆಂಕರ್ ಬೋಲ್ಟುಗಳಿಗೂ ಇಳಿಯುತ್ತದೆ. ತೋಳುಗಳು ಮುಂದಕ್ಕೆ ಚಾಚಿಕೊಂಡಿರುವುದರಿಂದ ಕಂಬ ಯಾವಾಗಲೂ ಒಳಕ್ಕೆ ವಾಲಲು ನೋಡುತ್ತಿರುತ್ತದೆ, ಹಿಂಬದಿಯ ಬೋಲ್ಟುಗಳು ಕಾಂಕ್ರೀಟನ್ನು ಕಿತ್ತುಕೊಂಡು ಮೇಲೆ ಬರಲು ನೋಡುತ್ತಿರುತ್ತವೆ. ಹಾಗಾಗಿ ತಯಾರಕರು ಸಾಮಾನ್ಯವಾಗಿ ಕೇಳುವ ಕನಿಷ್ಠ ಅಂದರೆ 4 ಇಂಚು ದಪ್ಪ, 3000 ಪಿಎಸ್‌ಐ (ಒಂದು ಚದರ ಇಂಚು ಎಷ್ಟು ಪೌಂಡ್ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಗಟ್ಟಿತನ, ಹೊಸ ಕಾಂಕ್ರೀಟ್ ಆದರೆ ಪೂರ್ತಿ 28 ದಿನದ ಕ್ಯೂರಿಂಗ್. ಕೆಲವು ಮಾದರಿಗಳಿಗೆ ಇನ್ನೂ ಜಾಸ್ತಿ ಬೇಕು. ಮೇಲಿಂದ ನೋಡಿ ದಪ್ಪ ಹೇಳೋಕಾಗಲ್ಲ. ಒಂದು ತೂತು ಕೊರೆದು ಕಡ್ಡಿ ಇಳಿಸಿ ಅಳೆಯುವುದೇ ದಾರಿ. ಟೈಲ್ಸ್ ಮೇಲೆ ಬೋಲ್ಟ್ ಬಿಗಿಯುತ್ತೇವೆ ಅನ್ನುವವರನ್ನು ಮರ್ಯಾದೆಯಿಂದ ವಾಪಸ್ ಕಳಿಸಿ. ಬಿರುಕಿನ ಪಕ್ಕ, ಜಾಯಿಂಟ್ ಪಕ್ಕ, ಡಾಂಬರಿನ ಮೇಲೆ ಕಂಬ ನಿಲ್ಲಿಸುವಂತಿಲ್ಲ. ನೆಲದ ಕೆಳಗೆ ಬೇಸ್‌ಮೆಂಟ್ ಇದ್ದರೆ, ಅಥವಾ ಸ್ಲ್ಯಾಬಿನೊಳಗೆ ಬಿಗಿದ ಉಕ್ಕಿನ ಕೇಬಲ್ ಇದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡುವ ತನಕ ಡ್ರಿಲ್ ಮುಟ್ಟಬೇಡಿ.

ನಾಲ್ಕು ಕಂಬದ್ದರಲ್ಲಿ ಈ ತಲೆನೋವು ಕಮ್ಮಿ. ಕಾರು ಎರಡು ಉದ್ದನೆಯ ಹಳಿಗಳ ಮೇಲೆ ತನ್ನ ಚಕ್ರಗಳಲ್ಲೇ ನಿಂತಿರುತ್ತದೆ, ಭಾರ ನಾಲ್ಕು ಮೂಲೆಗಳಲ್ಲಿ ನೇರ ಕೆಳಗಿಳಿಯುತ್ತದೆ. ಎಣ್ಣೆ ಬದಲಿಸುವುದು, ಸೈಲೆನ್ಸರ್ ನೋಡುವುದು, ಒಂದು ಕಾರಿನ ಕೆಳಗೆ ಇನ್ನೊಂದು ನಿಲ್ಲಿಸುವುದು, ಇಷ್ಟೇ ನಿಮ್ಮ ಆಸೆಯಾದರೆ ನಾನಂತೂ ಇದನ್ನೇ ತಗೊಳ್ಳಿ ಅನ್ನುತ್ತೇನೆ. ಚಕ್ರ ಬಿಚ್ಚಬೇಕು, ಬ್ರೇಕ್ ಕೆಲಸ ಮಾಡಬೇಕು ಅಂದರೆ ಮಾತ್ರ ಆ ಎರಡು ಹಳಿಗಳ ನಡುವೆ ಕೂತು ಚಕ್ರಗಳನ್ನು ಮೇಲೆತ್ತುವ ಬ್ರಿಜ್ ಜಾಕ್ ಬೇರೆ ಬೇಕಾಗುತ್ತದೆ. ಕತ್ತರಿಯ ಹಾಗೆ ತೆರೆದು ಮಡಚಿಕೊಳ್ಳುವ ಸಿಜರ್ ಲಿಫ್ಟ್ ಚಿಕ್ಕ ಜಾಗಕ್ಕೆ ಸರಿ, ಬ್ರೇಕು ಟೈರಿಗೂ ಸರಿ. ಆದರೆ ಕಾರಿನ ಹೊಟ್ಟೆಯ ಕೆಳಗೆ ಅದೇ ಕೂತಿರುತ್ತದಲ್ಲ, ಗೇರ್‌ಬಾಕ್ಸ್ ಇಳಿಸುವವರಿಗೆ ಅಡ್ಡ.

ಇನ್ನು ಆ ಟನ್ ಲೆಕ್ಕ. ಎರಡು ಕಂಬದ ಲಿಫ್ಟಿನ ಮೇಲೆ 3 ಟನ್ ಅಂತ ಬರೆದಿದ್ದರೆ ಅದು ನಾಲ್ಕೂ ತೋಳು ಸೇರಿ. ಒಂದೊಂದು ತೋಳಿನ ಪಾಲು 750 ಕಿಲೋ ಮಾತ್ರ. ನಿಮ್ಮ ಗಾಡಿ 2600 ಕಿಲೋ ಇದೆ, ಎಂಜಿನ್ ಮುಂದಿದೆ, ತೂಕದಲ್ಲಿ ಶೇ 62 ಮುಂದಿನ ಎರಡು ತೋಳುಗಳ ಮೇಲೆ ಬೀಳುತ್ತದೆ ಅಂದುಕೊಳ್ಳಿ. ಅಲ್ಲಿಗೆ 1612 ಕಿಲೋ ಆಯಿತು, ತೋಳಿಗೆ 806. ಒಟ್ಟು ತೂಕ ಮಿತಿಯೊಳಗೇ ಇದೆ, ಮುಂದಿನ ತೋಳುಗಳು ಮಾತ್ರ ಮಿತಿ ದಾಟಿವೆ! ಅಂಗಡಿಯಲ್ಲಿ ಈ ಲೆಕ್ಕ ಯಾರೂ ಹಾಕಿ ತೋರಿಸುವುದಿಲ್ಲ. ಡಿಕ್ಕಿಯಲ್ಲಿರುವ ಸಾಮಾನು, ಮೇಲಿನ ಕ್ಯಾರಿಯರ್ ಇದೆಲ್ಲ ಬೇರೆ ಸೇರಿಕೊಳ್ಳುತ್ತದೆ. ಎಲೆಕ್ಟ್ರಿಕ್ ಕಾರುಗಳಂತೂ ಬ್ಯಾಟರಿಯಿಂದಾಗಿ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಸಾಮಾನ್ಯವಾಗಿ ಭಾರ, ಆ ಬ್ಯಾಟರಿ ಇರುವುದೂ ನೆಲದಡಿಯಲ್ಲೇ. ತೋಳಿನ ತುದಿಯಲ್ಲಿ ಕಾರಿಗೆ ತಾಗುವ ಪ್ಯಾಡ್ ಒಂದಿಷ್ಟು ಒಳಗೆ ಸರಿದರೆ ಬ್ಯಾಟರಿಯ ಪೆಟ್ಟಿಗೆಗೇ ಪೆಟ್ಟು. ಎಲ್ಲಿ ಎತ್ತಬೇಕು ಅನ್ನುವುದು ಕಾರಿನ ಕೈಪಿಡಿಯಲ್ಲಿರುತ್ತದೆ, ಅಂದಾಜಿನ ಮೇಲೆ ಹೋಗಬೇಡಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಾರನ್ನು ಎತ್ತುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಆದರೆ ಎಣ್ಣೆಯನ್ನು ನಂಬಿಕೊಂಡು ಯಾರೂ ಕೆಳಗೆ ಹೋಗಬಾರದು, ಸೀಲ್ ಸೋರಬಹುದು, ಹೋಸ್ ಒಡೆಯಬಹುದು. ಮೇಲೆ ಹೋಗುವಾಗ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಅದು ಕಂಬದೊಳಗಿನ ಲಾಕ್ ಒಂದೊಂದೇ ಹಲ್ಲನ್ನು ದಾಟುವ ಸದ್ದು. ಬೇಕಾದ ಎತ್ತರಕ್ಕೆ ಹೋದಮೇಲೆ ಸ್ವಲ್ಪ ಕೆಳಗಿಳಿಸಿ, ಭಾರ ಪೂರ್ತಿ ಆ ಉಕ್ಕಿನ ಲಾಕಿನ ಮೇಲೆ ಕೂರಬೇಕು. ಎರಡೂ ಕಡೆ ಒಂದೇ ಹಲ್ಲಿನ ಮೇಲೆ ಕೂತಿದೆಯಾ ಅಂತ ಕಣ್ಣಿಂದ ನೋಡಿ, ಕಿವಿ ಸಾಲದು. ಆಮೇಲೆ ಕಾರಿನ ಕೆಳಗೆ ಕಾಲಿಡಿ. ಕೊಳ್ಳುವಾಗ ಅಂಗಡಿಯಲ್ಲೇ ಇದನ್ನು ಮಾಡಿ ತೋರಿಸಿ ಅಂತ ಕೇಳಿ. ಮೊದಲ ಲಾಕ್ ಎಷ್ಟು ಎತ್ತರದಲ್ಲಿದೆ, ಲಾಕುಗಳ ನಡುವೆ ಎಷ್ಟು ಅಂತರ, ಗುಂಡಿಯಿಂದ ಕೈ ತೆಗೆದ ತಕ್ಷಣ ನಿಲ್ಲುತ್ತದಾ, ಲಿಫ್ಟಿನ ಕೇಬಲ್ ಸಡಿಲವಾದರೆ ಅಥವಾ ಕಿತ್ತುಹೋದರೆ ಹಿಡಿಯುವ ಲಾಕ್ ಇದೆಯಾ, ಇದನ್ನೆಲ್ಲ ಕೇಳಿದರೆ ಮಾರುವವರಿಗೆ ಸ್ವಲ್ಪ ಕಿರಿಕಿರಿ ಆಗಬಹುದು, ಆಗಲಿ ಬಿಡಿ.

ತೋಳುಗಳ ಬುಡದಲ್ಲೂ ಹಲ್ಲಿನ ಚಕ್ರದಂಥ ಒಂದು ಲಾಕ್ ಇರುತ್ತದೆ. ತೋಳು ನೆಲ ಬಿಟ್ಟ ಕೂಡಲೇ ಅದು ಕಚ್ಚಿಕೊಂಡು ತೋಳು ಆಚೀಚೆ ತಿರುಗದ ಹಾಗೆ ಹಿಡಿಯಬೇಕು. ಕಚ್ಚಿದ ಮೇಲೂ ತೋಳು ಕೈಯಿಂದ ತಳ್ಳಿದರೆ ತಿರುಗುವಂತಿದ್ದರೆ ಆ ಲಿಫ್ಟ್ ಸುಮ್ನೆ ಕೊಟ್ಟರೂ ಬೇಡ. ಕಾರು ಹತ್ತಿಸಿದಾಗ ಚಕ್ರಗಳು ನೆಲದಿಂದ ಒಂದಿಷ್ಟು ಮೇಲೆದ್ದ ಕೂಡಲೇ ನಿಲ್ಲಿಸಿ, ಬಂಪರ್ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ, ನಾಲ್ಕೂ ಪ್ಯಾಡ್ ಸರಿಯಾಗಿ ಕೂತಿದ್ದರೆ ಮಾತ್ರ ಮುಂದಕ್ಕೆ. ಮೇಲಿರುವ ಕಾರಿನಿಂದ ಎಂಜಿನ್ನೋ ಗೇರ್‌ಬಾಕ್ಸೋ ಇಳಿಸಿದರೆ ತೂಕದ ನಡು ಜಾಗ ಬದಲಿಸುತ್ತದೆ ಅನ್ನುವುದೂ ನೆನಪಿರಲಿ, ಅದಕ್ಕೆ ಎತ್ತರದ ಸ್ಟ್ಯಾಂಡಿನ ಆಸರೆ ಬೇಕು.

ಸೂರಿನ ಎತ್ತರ ಸುಲಭದ ಲೆಕ್ಕ. ಕಾರಿನ ಎತ್ತರ, ಎತ್ತುವ ಎತ್ತರ, ಮೇಲೊಂದಿಷ್ಟು ಜಾಗ. ಗ್ಯಾರೇಜ್ ಬಾಗಿಲು ತೆರೆದಾಗ ಎಲ್ಲಿ ಬಂದು ನಿಲ್ಲುತ್ತದೆ ಅಂತ ಮಾತ್ರ ಮರೆಯಬೇಡಿ.

ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಪರೀಕ್ಷೆ ಮಾಡಿಸಿ ಕೊಡುವ ಚಿನ್ನದ ಬಣ್ಣದ ಲೇಬಲ್ ಇದೆ, ಯುರೋಪಿನಲ್ಲಿ ಇಎನ್ 1493 ಅನ್ನುವ ಮಾನದಂಡ ಇದೆ. ನೀವು ಎಲ್ಲೇ ಇರಿ, ಇವೆರಡರಲ್ಲಿ ಯಾವುದಕ್ಕೆ ಒಪ್ಪುತ್ತದೆ ಅಂತ ಕೇಳಬಹುದು, ಅದೂ ನೀವು ಕೊಳ್ಳುವ ಮಾದರಿಯ ಹೆಸರಿನಲ್ಲೇ ಕಾಗದ ಕೇಳಿ. ಮೋಟಾರಿನ ಮೇಲೆ ಅಂಟಿಸಿದ ಸ್ಟಿಕ್ಕರ್ ಮೋಟಾರಿಗೆ ಮಾತ್ರ, ಇಡೀ ಲಿಫ್ಟಿಗಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಕೇಬಲ್ಲಿನ ಎಳೆ ಬಿಟ್ಟಿದೆಯಾ, ಬೆಸುಗೆ ಬಿರಿದಿದೆಯಾ ನೋಡಿ. ಹಳೆಯ ಬೋಲ್ಟುಗಳನ್ನು ಮತ್ತೆ ಬಳಸಬೇಡಿ. ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಿ.

ನಿಮ್ಮಲ್ಲೊಂದು ವಿನಂತಿ. ಮುಂದೆ ಇಂಥ ಲೇಖನ ಹಾಕುವಾಗ ಆ ಟನ್ನುಗಳ ಪಟ್ಟಿಯ ಪಕ್ಕ ಇನ್ನೆರಡು ಕಾಲಂ ಸೇರಿಸಿ. ಒಂದರಲ್ಲಿ ಎಷ್ಟು ದಪ್ಪದ ಕಾಂಕ್ರೀಟ್ ಬೇಕು ಅಂತ, ಇನ್ನೊಂದರಲ್ಲಿ ಮೊದಲ ಲಾಕ್ ಎಷ್ಟು ಎತ್ತರದಲ್ಲಿದೆ ಅಂತ. ಜಾಗ ಸಾಲದಿದ್ದರೆ ಒಂದು ಚಿತ್ರ ಕಮ್ಮಿ ಮಾಡಿ.

ಇಂತಿ,
ನಿಮ್ಮ ಓದುಗ