ನಿನ್ನ ರಿಪೋರ್ಟಿನ ಕೆಳಗಿನ ಸಾಲು

ಕೋಲಾರ
ಭಾನುವಾರ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ಯಾನ್ ರಿಪೋರ್ಟ್ ನೋಡಿದೆ. 'ಫ್ಯಾಟಿ ಲಿವರ್, ಗ್ರೇಡ್ 1' ಅಂತಿದೆ. ನೀನು ಕೇಳಿದ್ದು ಮಾತ್ರ ಅದರ ಕೆಳಗಿನ ಸಾಲು: 'ಪೋರ್ಟಲ್ ವೇನ್ 11 ಮಿ.ಮೀ.' ಅಂದರೆ ಲಿವರಿಗೆ ರಕ್ತ ತರುವ ದೊಡ್ಡ ನಾಳದ ಅಗಲ. ಸರಿಯಾದ ಸಾಲನ್ನೇ ಹಿಡಿದಿದ್ದೀಯ. ಕ್ಲಾಸಿನಲ್ಲಿ ಮಕ್ಕಳ ಕೈಲಿ ಲಿವರಿಗೆ 'ಯಕೃತ್ತು' ಅಂತ ಬರೆಸಿ ಬರೆಸಿ ಸಾಕಾಗಿದೆ. ನಿನಗೆ ಕೆರೆ ಲೆಕ್ಕದಲ್ಲಿ ಹೇಳುತ್ತೇನೆ.

ನಮ್ಮ ಕಡೆ ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಅಲ್ವಾ? ಲಿವರ್ ಆ ಕೆಳಗಿನ ಕೆರೆ. ಹೃದಯದಿಂದ ನೇರವಾಗಿ ಅದಕ್ಕೆ ಬರುವ ರಕ್ತ ಕಾಲು ಭಾಗ ಅಷ್ಟೇ. ಉಳಿದ ಮುಕ್ಕಾಲು ಪಾಲು ಜಠರ, ಕರುಳು, ಗುಲ್ಮ (ಸ್ಪ್ಲೀನ್) ಸುತ್ತಿಕೊಂಡು, ನೀನು ತಿಂದದ್ದರ ಸಾರ ಹೊತ್ತು, ಈ ಪೋರ್ಟಲ್ ವೇನಿನಲ್ಲಿ ಬರುತ್ತದೆ. ಎರಡೂ ಸೇರಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್. ಒಳಗಿನ ಸಣ್ಣ ಕಾಲುವೆಗಳಲ್ಲಿ ಬೆರೆತು ನಿಧಾನವಾಗಿ ಹಾಯುತ್ತದೆ. ಸಕ್ಕರೆ ದಾಸ್ತಾನಾಗುವುದು, ವಿಷ ಮುರಿಯುವುದು ಅಲ್ಲೇ. ಆಮೇಲೆ ಹೆಪಾಟಿಕ್ ವೇನ್ ಅನ್ನುವ ಮೂರು ನಾಳಗಳ ಮೂಲಕ ದೊಡ್ಡ ನಾಳ ಸೇರಿ ಹೃದಯಕ್ಕೆ ವಾಪಸ್.

ತಾತನಿಗೆ ಎದೆನೋವು ಬಂದಾಗ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆ ಕೆಳಗೆ ಇಡುತ್ತಿದ್ದೆವು, ನೆನಪಿದೆಯಾ? ಅಲ್ಲಿಂದ ಅದು ಲಿವರ್ ಮುಟ್ಟದೆ ನೇರ ರಕ್ತ ಸೇರುತ್ತದೆ, ನುಂಗಿದರೆ ಬಹುಪಾಲು ಲಿವರಿನಲ್ಲೇ ಮುರಿದುಹೋಗುತ್ತದೆ. ನಿನ್ನ ಶನಿವಾರದ ಗ್ಲಾಸು ನಾಲಿಗೆ ಕೆಳಗೆ ನಿಲ್ಲುವುದಿಲ್ಲವಲ್ಲ. ತಲೆಗೇರುವ ಮುಂಚೆ ಅದು ಹೋಗುವುದೂ ಅಲ್ಲಿಗೇ.

ಕೈಗೆ ಪಟ್ಟಿ ಕಟ್ಟಿ ನೋಡುವ ಬಿಪಿ 120 ಇದ್ದರೆ, ಪೋರ್ಟಲ್ ವೇನಿನಲ್ಲಿ ಒತ್ತಡ 5ರಿಂದ 10 ಅಷ್ಟೇ. ಅಷ್ಟು ಮೆತ್ತಗಿನ ಹರಿವು. ಲಿವರ್ ಗಾಯದ ಕಲೆಯಿಂದ ಗಟ್ಟಿಯಾದರೆ, ಹೂಳು ತುಂಬಿದ ಕೆರೆಯ ಹಾಗೆ, ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರಕ್ತ ಅನ್ನನಾಳದ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಅಷ್ಟು ಹೊರೆ ತಡೆಯುವಂಥವಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಒಂದು ಬೆಳಗ್ಗೆ ರಕ್ತ ಕಾರಿಕೊಂಡರು. ಹಿಂದಿನ ದಿನದವರೆಗೂ ಅವರಿಗೆ ನೋವು ಅಂತ ಏನೂ ಇರಲಿಲ್ಲ. ಅದೇ ನನಗೆ ಭಯ.

ಸುಮ್ನೆ ಹೆದರಿಸುತ್ತಿಲ್ಲ. ಆ ನಾಳ ಸಾಮಾನ್ಯವಾಗಿ 13 ಮಿ.ಮೀ. ಒಳಗಿರಬೇಕು, ನಿನ್ನದು 11. ಗ್ರೇಡ್ 1 ಕೊಬ್ಬು ಕರಗುವಂಥದ್ದು. 84 ಕೆ.ಜಿ. ಇದ್ದೀಯ, ಆರೇಳು ಕೆ.ಜಿ. ಇಳಿಸು. ಕುಡಿಯುವುದು ನಿಲ್ಲಿಸು, 'ಬರೀ ಬಿಯರ್' ಅನ್ನಬೇಡ. ನೋವಿನ ಮಾತ್ರೆ ಡಾಕ್ಟರನ್ನು ಕೇಳದೆ ನುಂಗಬೇಡ.

ಮುಂದಿನ ಭಾನುವಾರ ಬಾ. ಬೆಳಗ್ಗೆಯೇ ಅಂತರಗಂಗೆ ಮೆಟ್ಟಿಲು ಹತ್ತೋಣ. ನನಗೆ ಅರವತ್ತೆಂಟು, ಯಾರಿಗೆ ಮೊದಲು ಏದುಸಿರು ಬರುತ್ತದೋ ನೋಡೋಣ. ದೊಡ್ಡಮ್ಮ ಮುದ್ದೆ, ಬಸ್ಸಾರು ಮಾಡಿಟ್ಟಿರುತ್ತಾಳೆ.

ನಿನ್ನ ದೊಡ್ಡಪ್ಪ