ಕಡಿತ ಸೂಚನೆಗಳೂ ಅಚ್ಚಾಗಲಿ

ಮಾನ್ಯರೇ,

ಕೇಂದ್ರ ಬಜೆಟ್‌ ಬಂದಾಗ ಸರ್ಕಾರದ ಪ್ರಸ್ತಾವಗಳೇ ಪುಟ ತುಂಬುತ್ತವೆ. ಅವುಗಳಿಗೆ ಪ್ರತಿಯಾಗಿ ಲೋಕಸಭಾ ಸದಸ್ಯರು ಕೊಡುವ ಕಡಿತ ಸೂಚನೆಗಳು, ಅಂದರೆ ಸಚಿವಾಲಯ ಕೇಳಿದ ಹಣವನ್ನು ಇಳಿಸಬೇಕೆಂಬ ಸೂಚನೆಗಳು, ಓದುಗರ ಕಣ್ಣಿಗೆ ಬೀಳುವುದೇ ಅಪರೂಪ. ಸಚಿವಾಲಯವೊಂದರ ಅನುದಾನ ಬೇಡಿಕೆಯಲ್ಲಿ ಬರೀ 100 ರೂಪಾಯಿ ಕಡಿತಕ್ಕೆ ಸೂಚನೆ ಕೊಟ್ಟು ಜಿಲ್ಲೆಯ ಅಳಲನ್ನು ಸದನದ ಮುಂದಿಡಲು ಅವಕಾಶವಿದೆ. ಚರ್ಚೆಯಾಗದೆ ಉಳಿದ ಬೇಡಿಕೆಗಳಂತೂ ಕೊನೆಯ ದಿನ ಒಟ್ಟಿಗೇ ಮತಕ್ಕೆ ಹೋಗಿಬಿಡುತ್ತವೆ.

2023ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ನಮ್ಮೂರಿನ ಚಹಾದಂಗಡಿಯವರು ಆ ಸುದ್ದಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು. ಕಾಗದ ಹೊಗೆ ಹಿಡಿದು ಹಳದಿಯಾಯಿತು. ಘೋಷಣೆಯನ್ನು ಓದಿ ಹಿಗ್ಗಿದ ನಾವು ಮರುವರ್ಷದ ಬಜೆಟ್‌ನಲ್ಲಿ ಅದರ ಪರಿಷ್ಕೃತ ಅಂದಾಜನ್ನು, ಅಂದರೆ ಘೋಷಿಸಿದ ಮೊತ್ತ ಕೊನೆಗೆ ಎಷ್ಟಕ್ಕೆ ನಿಂತಿತು ಎಂಬ ಲೆಕ್ಕವನ್ನು, ಹುಡುಕಲಿಲ್ಲ. ತಪ್ಪು ನಮ್ಮದೂ ಹೌದು.

ಮುಂದಿನ ಬಜೆಟ್‌ ವೇಳೆ ಮಧ್ಯ ಕರ್ನಾಟಕಕ್ಕೆ ಸಂಬಂಧಿಸಿದ ಪ್ರಸ್ತಾವ, ಅದರ ಮೇಲಿನ ಕಡಿತ ಸೂಚನೆ, ಹಿಂದಿನ ವರ್ಷದ ಪರಿಷ್ಕೃತ ಅಂದಾಜು ಇವನ್ನು ಅಕ್ಕಪಕ್ಕದಲ್ಲಿಟ್ಟು ಪತ್ರಿಕೆ ಪ್ರಕಟಿಸಲಿ.

– ಓದುಗ, ಹೊಸದುರ್ಗ, ಚಿತ್ರದುರ್ಗ ಜಿಲ್ಲೆ